ಭಾಷೆಯ ತೊಡಕೋ, ಓದಿನ ತೊಡಕೋ: ಬೇಗೂರಿನ ಒಂದು ಪ್ರಬಂಧದ ಮರುಓದು

ನಾನು ಕನ್ನಡ ಸಾಹಿತ್ಯದ ವಿದ್ಯಾರ್ಥಿನಿ, ಮನೋವಿಜ್ಞಾನದವಳಲ್ಲ. ಡಿಸ್ಲೆಕ್ಸಿಯಾ ಬಗ್ಗೆ ಇವಳ್ಯಾಕೆ ಮಾತಾಡ್ತಾಳೆ ಅಂತ ನಿಮಗನ್ನಿಸಬಹುದು. ಮೊದಲ ಸೆಮಿಸ್ಟರಿನಲ್ಲಿ ನಾನೊಂದು ಪ್ರಬಂಧ ಬರೆದಿದ್ದೆ. ವಯನಾಡಿನ ತಿರುನೆಲ್ಲಿ ಪಂಚಾಯಿತಿಯ ಬೇಗೂರಿನಲ್ಲಿ ಕಾಟ್ಟುನಾಯ್ಕ ಮಕ್ಕಳು ಓದಿನಲ್ಲಿ ಹಿಂದುಳಿಯುವುದಕ್ಕೆ ಭಾಷೆಯೇ ಕಾರಣ ಎಂಬುದು ಅದರ ವಾದ. ಮನೆಯಲ್ಲಿ ಕನ್ನಡಕ್ಕೆ ಹತ್ತಿರದ ನುಡಿ, ಶಾಲೆಯಲ್ಲಿ ಮಲಯಾಳಂ. ವಾದ ಸುಳ್ಳಲ್ಲ, ಆದರೆ ಅರ್ಧ. ಇವತ್ತು ಆ ಪ್ರಬಂಧವನ್ನೇ ವಿಮರ್ಶೆಗೆ ಎತ್ತಿಕೊಂಡಿದ್ದೇನೆ.

ನನ್ನ ಕಣ್ಣು ತೆರೆಸಿದ್ದು ಅರಬಿ ಮಕ್ಕಳ ಕುರಿತ ಸಂಶೋಧನೆ. ಅರಬಿಯ ಮಗು ಮನೆಯಲ್ಲಿ ಆಡುವ ಮಾತು ಒಂದು, ಪುಸ್ತಕದ ಅರಬಿ ಇನ್ನೊಂದು. ಎಲಿನೋರ್ ಸಾಯೆಘ್-ಹದ್ದಾದ್ ಅವರ 2003ರ ಅಧ್ಯಯನದಲ್ಲಿ, ಆಡುಮಾತಿನಲ್ಲಿಲ್ಲದ ಧ್ವನಿಗಳನ್ನು ಬೇರ್ಪಡಿಸಿ ಗುರುತಿಸುವುದು ಮಕ್ಕಳಿಗೆ ಹೆಚ್ಚು ಕಷ್ಟವಾಗಿತ್ತು. ಲಿಪಿಯ ಪಾಡು ಬೇರೆ: ಸ್ವರಚಿಹ್ನೆ ಬಿಟ್ಟರೆ ಕ-ತ-ಬ ಎಂಬ ಮೂರೇ ಅಕ್ಷರ 'ಕತಬ' (ಬರೆದನು) ಆಗಬಹುದು, 'ಕುತುಬ್' (ಪುಸ್ತಕಗಳು) ಆಗಬಹುದು. ಇಂಥಲ್ಲಿ ಎಡವಿದ ಮಗುವನ್ನೆಲ್ಲ ಡಿಸ್ಲೆಕ್ಸಿಯಾ ಅಂದರೆ ತಪ್ಪು. ಎಡವಿದ್ದಕ್ಕೆಲ್ಲ ಭಾಷೆಯ ಮೇಲೆ ಹೊರೆ ಹಾಕಿದರೂ ಅಷ್ಟೇ ತಪ್ಪು. ನಾನು ಮಾಡಿದ್ದು ಈ ಎರಡನೆಯದನ್ನು.

ಬೇಗೂರಿನ ಒಬ್ಬಳು ಹುಡುಗಿ, ಮೂರನೇ ಕ್ಲಾಸು. ಕಥೆ ಹೇಳೋಕೆ ಕೂತಳೆಂದರೆ ನನ್ನ ರೆಕಾರ್ಡರ್ ತುಂಬುತ್ತಿತ್ತು. ಪುಸ್ತಕ ತೆರೆದರೆ ಮೌನ. 'ಕಾಡಿನ ಮಕ್ಕಳಲ್ವಾ, ಭಾಷೆ ತೊಡಕು' ಅಂತ ಒಬ್ಬ ಮೇಷ್ಟ್ರು ಕರುಣೆಯಿಂದಲೇ ಹೇಳಿದರು. ನಾನೂ ಅದನ್ನೇ ಬರೆದೆ. ಎರಡನೇ ಸಲ ಹೋದಾಗ ಊರಿನ ಒಬ್ಬ ಅಕ್ಕನ ನೆರವಿನಿಂದ ಅವರದೇ ಮಾತಿನ ಪದಗಳಲ್ಲಿ ಆಟ ಆಡಿಸಿದೆ: ಪದದ ಮೊದಲ ಅಕ್ಷರ ಬಿಟ್ಟು ಉಳಿದದ್ದು ಹೇಳು. ಅವಳಿಗಿಂತ ಚಿಕ್ಕವನಾದ ತಮ್ಮ ನಗುನಗುತ್ತಾ ಹೇಳಿದ. ಅವಳಿಗೆ ಆಗಲಿಲ್ಲ. ಮನೆಮಾತಿನಲ್ಲೂ ಆಗಲಿಲ್ಲ! ಇದು ರೋಗನಿರ್ಣಯವಲ್ಲ, ಒಂದು ಆಟ ಅಷ್ಟೇ. ಆದರೆ ನನ್ನ ವಾದ ಅಲ್ಲೇ ಬಿರುಕುಬಿಟ್ಟಿತು.

ಅಕ್ಷರದ ಲಿಪಿಗಳಲ್ಲಿ ಕಾಯುವುದಕ್ಕೂ ಒಂದು ನ್ಯಾಯವಿದೆ ಅನ್ನೋದು ನಿಜ. ಕನ್ನಡ ಮಕ್ಕಳ ಮೇಲೆ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಕಾಗುಣಿತ, ಒತ್ತಕ್ಷರಗಳ ಕಲಿಕೆ ನಾಲ್ಕನೇ ತರಗತಿಯವರೆಗೂ ಎಳೆಯುತ್ತದೆ. ಹಾಗಾಗಿ ಒತ್ತಕ್ಷರ ತಪ್ಪಿದ ಮಾತ್ರಕ್ಕೆ ಗಾಬರಿ ಬೇಡ. ಆದರೆ ಬಾಯಿಮಾತಿನಲ್ಲೇ ಅಕ್ಷರ ಒಡೆಯಲಾಗದ್ದು, ಪರಿಚಿತ ಚಿತ್ರಗಳ ಹೆಸರು ಸರಸರ ಹೇಳಲಾಗದ್ದು ಬೇರೆ ಸೂಚನೆ. ಅದಕ್ಕೆ ಪುಸ್ತಕವೂ ಬೇಡ, ಒಂದನೇ ಕ್ಲಾಸಿನಲ್ಲೇ ನೋಡಬಹುದು.

ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರ ಕನ್ನಡವೂ ಸೇರಿದಂತೆ ನಾಲ್ಕು ಭಾಷೆಗಳಲ್ಲಿ 'ಡಾಲಿ' ಪರೀಕ್ಷೆಗಳನ್ನು 2015ರಲ್ಲಿ ಹೊರತಂದಿತು. ದೊಡ್ಡ ಕೆಲಸವೇ. ನನ್ನ ತಕರಾರು ಒಂದೇ: ಇಂಥವೆಲ್ಲ ಶಾಲೆಯ ಭಾಷೆಯನ್ನೇ ಮಗುವಿನ ಭಾಷೆ ಅಂದುಕೊಳ್ಳುತ್ತವೆ. ಕಾಟ್ಟುನಾಯ್ಕ ಮಗು ಕನ್ನಡದ ಪಟ್ಟಿಗೂ ಸಲ್ಲದು, ಮಲಯಾಳಂ ಪಟ್ಟಿಗೂ ಸಲ್ಲದು. ವಯನಾಡಿನಲ್ಲಿ 2017ರಿಂದ 'ಗೋತ್ರಬಂಧು' ಯೋಜನೆಯಡಿ ಆದಿವಾಸಿ ಯುವಜನರೇ ಪ್ರಾಥಮಿಕ ಶಾಲೆಗಳಲ್ಲಿ ಮಾರ್ಗದರ್ಶಿ ಶಿಕ್ಷಕರಾಗಿದ್ದಾರೆ. ಮನೆಮಾತಿನ ಪದಪಟ್ಟಿ ಮಾಡಲು ಅವರಿಗಿಂತ ಬೇರೆ ಪರಿಣತರು ಬೇಕೆ? ನಮ್ಮಂಥವರ ರೆಕಾರ್ಡಿಂಗುಗಳೂ ಆಗ ಕೆಲಸಕ್ಕೆ ಬಂದಾವು.

ಆ ಹುಡುಗಿ ಈಗ ನಾಲ್ಕನೇ ಕ್ಲಾಸು. ಯಾರೂ ಇನ್ನೂ ಅವಳನ್ನು ಪರೀಕ್ಷೆಗೆ ಕರೆದೊಯ್ದಿಲ್ಲ. ನನ್ನ ಪ್ರಬಂಧಕ್ಕೆ ಮಾತ್ರ ಒಳ್ಳೆಯ ಅಂಕ ಬಂದಿತ್ತು.