ಪಾಠ ಮತ್ತು ಪಾಠಾಂತರ: ಕರ್ನಾಟಕದ ಪಠ್ಯಪುಸ್ತಕ ವಿವಾದಗಳ ಒಂದು ಜಾನಪದೀಯ ವಿಮರ್ಶೆ

ಕನ್ನಡದಲ್ಲಿ ‘ಪಾಠ’ ಎಂಬ ಪದಕ್ಕೆ ಎರಡು ಅರ್ಥಗಳುಂಟು. ಶಾಲೆಯಲ್ಲಿ ಗುರು ಶಿಷ್ಯರಿಗೆ ಹೇಳುವುದು ಪಾಠ. ಗ್ರಂಥಸಂಪಾದಕರು ಹಾಗೂ ಜಾನಪದ ಸಂಗ್ರಾಹಕರು ಒಂದು ಕಾವ್ಯದ ಅಥವಾ ಹಾಡಿನ ನಿರ್ದಿಷ್ಟ ರೂಪವನ್ನು ಗುರುತಿಸುವುದೂ ಪಾಠವೆಂದೇ. ಎರಡನೆಯ ಅರ್ಥದ ಪಾಠಕ್ಕೆ ಪಾಠಾಂತರಗಳಿರುವುದು ಸಹಜವೆಂದು ವಿದ್ವತ್ತು ಬಹುಕಾಲದಿಂದ ಒಪ್ಪಿಕೊಂಡಿದೆ. ಮೊದಲನೆಯ ಅರ್ಥದ ಪಾಠಕ್ಕೆ ಮಾತ್ರ ಪಾಠಾಂತರವಿಲ್ಲ, ಇರಕೂಡದು ಎಂಬ ನಂಬಿಕೆ ಶಾಲಾ ಶಿಕ್ಷಣದಲ್ಲಿ ಗಟ್ಟಿಯಾಗಿ ನೆಲೆಯೂರಿದೆ. ಸರ್ಕಾರ ಬದಲಾದಾಗ ಪಾಠ ಬದಲಾಗುತ್ತದೆ. ಹಳೆಯ ಪಾಠದ ಪಕ್ಕದಲ್ಲಿ ಹೊಸ ಪಾಠ ನಿಲ್ಲುವುದಿಲ್ಲ, ಅದರ ಸ್ಥಾನವನ್ನು ಕಿತ್ತುಕೊಳ್ಳುತ್ತದೆ. ಕರ್ನಾಟಕದಲ್ಲಿ ಕಳೆದ ಒಂದು ದಶಕದಲ್ಲಿ ನಡೆದ ಪಠ್ಯಪುಸ್ತಕ ವಿವಾದಗಳನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ವಿವಾದದ ಹಿನ್ನೆಲೆ

ಪಠ್ಯಪುಸ್ತಕವು ರಾಜಕೀಯ ಪಕ್ಷಗಳ ಸೆಣಸಾಟದ ಕಣವಾದುದು ಹೊಸ ಸಂಗತಿಯಲ್ಲ. 1977ರಲ್ಲಿ ಜನತಾ ಸರ್ಕಾರ ಅಧಿಕಾರಕ್ಕೆ ಬಂದಾಗ ರೊಮಿಲಾ ಥಾಪರ್, ಆರ್.ಎಸ್. ಶರ್ಮ, ಬಿಪನ್ ಚಂದ್ರ ಮೊದಲಾದವರ ಇತಿಹಾಸ ಪುಸ್ತಕಗಳ ಬಗ್ಗೆ ರಾಷ್ಟ್ರಮಟ್ಟದಲ್ಲಿ ವಾಗ್ವಾದ ನಡೆಯಿತು. 2000ದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮತ್ತು ಅದನ್ನು ಅನುಸರಿಸಿ ಬಂದ ಪುಸ್ತಕಗಳು ಇನ್ನೊಂದು ಸುತ್ತಿನ ಚರ್ಚೆಗೆ ಕಾರಣವಾದವು. 2004ರಲ್ಲಿ ಕೇಂದ್ರ ಸರ್ಕಾರ ಬದಲಾದ ಮೇಲೆ 2005ರ ಚೌಕಟ್ಟು ರೂಪುಗೊಂಡಿತು. ಶಾಲೆಯ ಜ್ಞಾನವನ್ನು ಶಾಲೆಯ ಹೊರಗಿನ ಬದುಕಿನೊಡನೆ ಜೋಡಿಸಬೇಕೆಂಬುದು ಈ ಚೌಕಟ್ಟಿನ ಮುಖ್ಯ ಆಶಯಗಳಲ್ಲೊಂದು.

ಕರ್ನಾಟಕದಲ್ಲಿ 2005ರ ಚೌಕಟ್ಟಿನ ಆಧಾರದ ಮೇಲೆ ಜಿ.ಎಸ್. ಮುಡಂಬಡಿತ್ತಾಯ ಅವರ ನೇತೃತ್ವದಲ್ಲಿ ಪಠ್ಯಪುಸ್ತಕಗಳು ಸಿದ್ಧವಾದವು. ಅವುಗಳನ್ನು ಪರಿಷ್ಕರಿಸಲು ಕಾಂಗ್ರೆಸ್ ಸರ್ಕಾರವು ಬರಗೂರು ರಾಮಚಂದ್ರಪ್ಪ ಅವರ ನೇತೃತ್ವದಲ್ಲಿ ಸಮಿತಿಯನ್ನು ನೇಮಿಸಿತು; ಪರಿಷ್ಕೃತ ಪುಸ್ತಕಗಳು 2017-18ರಲ್ಲಿ ಜಾರಿಗೆ ಬಂದವು. ಬಿಜೆಪಿ ಸರ್ಕಾರದ ಅವಧಿಯಲ್ಲಿ ರೋಹಿತ್ ಚಕ್ರತೀರ್ಥ ಅವರ ಅಧ್ಯಕ್ಷತೆಯ ಸಮಿತಿ ಅವನ್ನು ಮತ್ತೆ ಪರಿಷ್ಕರಿಸಿತು. 2022ರಲ್ಲಿ ಈ ಪರಿಷ್ಕರಣೆ ಬಹಿರಂಗವಾದಾಗ ಹತ್ತನೆಯ ತರಗತಿಯ ಕನ್ನಡ ಪಠ್ಯದಲ್ಲಿ ಕೆ.ಬಿ. ಹೆಡಗೆವಾರ್ ಅವರ ಭಾಷಣ ಸೇರಿದುದು, ಪಿ. ಲಂಕೇಶ್, ಸಾರಾ ಅಬೂಬಕ್ಕರ್, ಎ.ಎನ್. ಮೂರ್ತಿರಾವ್ ಅವರ ಬರಹಗಳು ಕೈಬಿಟ್ಟುದು ತೀವ್ರ ಪ್ರತಿಭಟನೆಗೆ ಎಡೆಮಾಡಿತು. ದೇವನೂರ ಮಹಾದೇವ ಅವರೂ ಸೇರಿದಂತೆ ಹಲವು ಲೇಖಕರು ತಮ್ಮ ಬರಹಗಳಿಗೆ ನೀಡಿದ್ದ ಅನುಮತಿಯನ್ನು ಹಿಂತೆಗೆದುಕೊಂಡರು. ಡಾ. ಬಿ.ಆರ್. ಅಂಬೇಡ್ಕರ್ ಅವರನ್ನು ಕುರಿತ ಭಾಗದಲ್ಲಿ ‘ಸಂವಿಧಾನ ಶಿಲ್ಪಿ’ ಎಂಬ ವಿಶೇಷಣ ಬಿಟ್ಟುಹೋದುದನ್ನು ಸರ್ಕಾರವೇ ಸರಿಪಡಿಸಬೇಕಾಯಿತು. 2022ರ ಜೂನ್ ತಿಂಗಳಲ್ಲಿ ಸಮಿತಿ ವಿಸರ್ಜನೆಗೊಂಡಿತು. 2023ರಲ್ಲಿ ಕಾಂಗ್ರೆಸ್ ಸರ್ಕಾರ ಮರಳಿ ಬಂದ ಕೂಡಲೇ ಹೆಡಗೆವಾರ್, ಸಾವರ್ಕರ್ ಅವರನ್ನು ಕುರಿತ ಪಾಠಗಳನ್ನು ಕೈಬಿಟ್ಟು, ಸಾವಿತ್ರಿಬಾಯಿ ಫುಲೆ ಅವರ ಕುರಿತ ಪಾಠವೇ ಮೊದಲಾದವುಗಳನ್ನು ಸೇರಿಸುವ ತೀರ್ಮಾನ ಹೊರಬಿದ್ದಿತು.

ಈ ವಾಗ್ವಾದಗಳುದ್ದಕ್ಕೂ ಚರ್ಚೆ ಬಹುಮಟ್ಟಿಗೆ ಯಾರು ಒಳಗೆ ಬಂದರು, ಯಾರು ಹೊರಗೆ ಹೋದರು ಎಂಬ ಎಣಿಕೆಯಲ್ಲೇ ಮುಗಿದುದು ಗಮನಾರ್ಹ. ಮುದ್ರಿತ ಪಾಠವನ್ನು ಓದಿದ ಮಗು ಅದನ್ನು ಇಡಿಯಾಗಿ ನಂಬುತ್ತದೆ ಎಂಬ ಗೃಹೀತ ಉಭಯ ಪಕ್ಷಗಳಿಗೂ ಸಮಾನವಾಗಿತ್ತು. ಪಕ್ಷಗಳ ಭಿನ್ನಾಭಿಪ್ರಾಯಕ್ಕಿಂತ ಆಳದಲ್ಲಿರುವ ಈ ಸಹಮತವೇ ವಿಮರ್ಶೆಗೆ ಒಳಗಾಗಬೇಕಾದುದು.

ಬಸವಣ್ಣನವರ ಉಪನಯನ: ಎರಡು ಹಳೆಯ ಪಾಠಗಳು

2022ರ ಒಂಬತ್ತನೆಯ ತರಗತಿಯ ಸಮಾಜ ವಿಜ್ಞಾನ ಪಠ್ಯದಲ್ಲಿ ಬಸವಣ್ಣನವರ ಕುರಿತಿದ್ದ ಕೆಲವೇ ಸಾಲುಗಳು ಮಠಾಧೀಶರ ಹಾಗೂ ವಿದ್ವಾಂಸರ ಆಕ್ಷೇಪಕ್ಕೆ ಗುರಿಯಾದವು. ಉಪನಯನದ ಅನಂತರ ಅವರು ಕೂಡಲಸಂಗಮಕ್ಕೆ ತೆರಳಿದರು, ಶೈವ ಗುರುಗಳಿಂದ ದೀಕ್ಷೆ ಪಡೆದರು, ವೀರಶೈವ ಮತವನ್ನು ಅಭಿವೃದ್ಧಿಪಡಿಸಿದರು ಎಂಬುದು ಆ ಸಾಲುಗಳ ತಾತ್ಪರ್ಯ. ಹಿಂದಿನ ಪಠ್ಯದ ನಿರೂಪಣೆ ಉಪನಯನದ ನಿರಾಕರಣೆಗೆ ಒತ್ತು ನೀಡಿತ್ತು. ಅಕ್ಕ ನಾಗಮ್ಮನಿಗೆ ಇಲ್ಲದ ಸಂಸ್ಕಾರ ತನಗೆ ಬೇಡವೆಂದು ಬಾಲಕ ಬಸವಣ್ಣ ಮನೆ ತೊರೆದರೆಂಬ ಜನಪ್ರಿಯ ಕಥನವೂ ಇದೇ ಧಾಟಿಯದು.

ಈ ಭಿನ್ನತೆ 2022ರಲ್ಲಿ ಹುಟ್ಟಿದುದಲ್ಲ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿ ಬಾಲಕನು ತಂದೆಯೊಡನೆ ವಾದಿಸಿ ಉಪನಯನವನ್ನೇ ನಿರಾಕರಿಸುತ್ತಾನೆ. ಭೀಮಕವಿ 1369ರಲ್ಲಿ ಈ ಪುರಾಣವನ್ನು ಕನ್ನಡಕ್ಕೆ ತಂದನು. ಹರಿಹರನ ಬಸವರಾಜದೇವರ ರಗಳೆಯಲ್ಲಾದರೋ ಉಪನಯನ ನಡೆಯುತ್ತದೆ. ಬಳಿಕ ಬಸವಣ್ಣನವರು ಜನಿವಾರವನ್ನು ಕಳೆದು ಕೂಡಲಸಂಗಮದ ಹಾದಿ ಹಿಡಿಯುತ್ತಾರೆ. ಎರಡೂ ಪ್ರಾಚೀನ ಪಾಠಗಳೇ. ಕ್ರಿಯೆ ನಡೆಯಿತೇ ಇಲ್ಲವೇ ಎಂಬಲ್ಲಿ ಅವು ಭಿನ್ನ. ಜನಿವಾರ ಮೈಮೇಲೆ ಉಳಿಯಲಿಲ್ಲ ಎಂಬಲ್ಲಿ ಅವು ಏಕ. ಪಾಠಾಂತರಗಳ ಅಧ್ಯಯನದಲ್ಲಿ ಬದಲಾಗುವ ಅಂಶಗಳಷ್ಟೇ ಬದಲಾಗದ ಅಂಶವೂ ಮುಖ್ಯ. ಕಥೆಯ ಹುರುಳು ಸಾಮಾನ್ಯವಾಗಿ ಬದಲಾಗದ ಅಂಶದಲ್ಲಿರುತ್ತದೆ.

ಈ ಅಳತೆಗೋಲಿನಿಂದ ನೋಡಿದಾಗ ಉಪನಯನ ನಡೆಯಿತೆಂದು ಹೇಳಿದುದಷ್ಟೇ 2022ರ ಪಠ್ಯದ ದೋಷವಲ್ಲ. ಅದಕ್ಕೆ ಹರಿಹರನ ಆಧಾರವುಂಟು. ಎರಡೂ ಪಾಠಗಳಲ್ಲಿ ಸ್ಥಿರವಾಗಿ ಉಳಿದ ಪರಿತ್ಯಾಗವನ್ನು ಬಿಟ್ಟು, ಸಂಸ್ಕಾರದಿಂದ ದೀಕ್ಷೆಗೆ ನೇರ ದಾರಿಯೊಂದನ್ನು ಕಲ್ಪಿಸಿದುದು ದೋಷ. ಆಕ್ಷೇಪಿಸಿದವರಲ್ಲಿ ಉಪನಯನದ ಉಲ್ಲೇಖವನ್ನೇ ಸುಳ್ಳೆಂದವರು ಹರಿಹರನನ್ನು ಮರೆತರು ಎಂಬುದನ್ನೂ ಹೇಳಬೇಕಾಗುತ್ತದೆ. ಒಂಬತ್ತನೆಯ ತರಗತಿಯ ವಿದ್ಯಾರ್ಥಿಗೆ ಈ ಎರಡು ಪಾಠಗಳನ್ನು ನಾಲ್ಕು ಸಾಲುಗಳಲ್ಲಿ ಹೇಳುವುದು ಕಷ್ಟದ ಕೆಲಸವಾಗಿರಲಿಲ್ಲ.

ಇದಕ್ಕೆ ಮೂರನೆಯ ಪಾಠವೊಂದನ್ನು ಜನಪದರು ಕಟ್ಟಿದ್ದಾರೆ. ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ ಮಂಟೇಸ್ವಾಮಿಯು ಹೀನ ವೇಷದಲ್ಲಿ ಕಲ್ಯಾಣದ ಬಾಗಿಲಿಗೆ ಬರುತ್ತಾನೆ. ಸಮಾನತೆಯ ನಾಡೆಂದು ಹೆಸರಾದ ಕಲ್ಯಾಣ ಅವನನ್ನು ಒಳಗೆ ಬಿಟ್ಟುಕೊಳ್ಳಲು ಹಿಂಜರಿಯುತ್ತದೆ. ಬಸವಣ್ಣನವರ ಬಗ್ಗೆ ಗೌರವವಿರಿಸಿಕೊಂಡೇ ಅವರ ಕಲ್ಯಾಣವನ್ನು ಪರೀಕ್ಷೆಗೆ ಒಡ್ಡುವ ಈ ಪಾಠ ಎರಡೂ ಪಕ್ಷಗಳ ವಾದದಲ್ಲಿ ಕಾಣಿಸಿಕೊಳ್ಳಲಿಲ್ಲ. ಒಂದು ಪಕ್ಷಕ್ಕೆ ಪರಂಪರೆಯೊಳಗೆ ಅಡಗುವ ಬಸವಣ್ಣ ಬೇಕಾಗಿದ್ದರೆ ಇನ್ನೊಂದಕ್ಕೆ ಪ್ರಶ್ನಾತೀತ ಕ್ರಾಂತಿಪುರುಷ ಬೇಕಾಗಿದ್ದನು. ಬಾಗಿಲಲ್ಲಿ ನಿಂತು ಪ್ರಶ್ನಿಸುವವನು ಇಬ್ಬರಿಗೂ ಬೇಕಾಗಲಿಲ್ಲ.

ಐತಿಹ್ಯವನ್ನು ಐತಿಹ್ಯವಾಗಿ ಓದುವುದು

2022ರ ಆಗಸ್ಟ್‌ನಲ್ಲಿ ಎಂಟನೆಯ ತರಗತಿಯ ಕನ್ನಡ ಪಠ್ಯದ ‘ಕಾಲವನ್ನು ಗೆದ್ದವರು’ ಎಂಬ ಪಾಠ ಚರ್ಚೆಗೆ ಬಂದಿತು. ಅದು ಕೆ.ಟಿ. ಗಟ್ಟಿಯವರ ಪ್ರವಾಸಕಥನದ ಭಾಗ. ಅಂಡಮಾನ್ ಸೆರೆಮನೆಯಲ್ಲಿದ್ದ ವಿ.ಡಿ. ಸಾವರ್ಕರ್ ಅವರ ಕೋಣೆಗೆ ಬುಲ್‌ಬುಲ್ ಹಕ್ಕಿಗಳು ಬರುತ್ತಿದ್ದವು, ಅವುಗಳ ರೆಕ್ಕೆಯ ಮೇಲೆ ಕುಳಿತು ಅವರು ದಿನವೂ ತಾಯ್ನೆಲಕ್ಕೆ ಬಂದುಹೋಗುತ್ತಿದ್ದರು ಎಂಬ ಅರ್ಥದ ಸಾಲುಗಳು ಅದರಲ್ಲಿದ್ದವು. ವಿರೋಧಿಸಿದವರು ಇದನ್ನು ವಾಸ್ತವದ ಹೇಳಿಕೆಯೆಂದು ತಿಳಿದು ಅಪಹಾಸ್ಯ ಮಾಡಿದರು. ಸಮರ್ಥಿಸಿದವರು ಇದು ಅಲಂಕಾರವಷ್ಟೇ ಎಂದರು.

ಜಾನಪದ ಅಧ್ಯಯನಕ್ಕೆ ಇದು ಪರಿಚಿತ ಸಮಸ್ಯೆ. ವಿಲಿಯಂ ಬ್ಯಾಸ್ಕಮ್ 1965ರಲ್ಲಿ ಪುರಾಣ, ಐತಿಹ್ಯ, ಕಥೆ ಎಂದು ಗದ್ಯ ಕಥನಗಳನ್ನು ವಿಂಗಡಿಸಿದಾಗ ಕೇಳುಗರ ನಂಬಿಕೆಯನ್ನು ಒಂದು ಮುಖ್ಯ ಲಕ್ಷಣವಾಗಿ ಪರಿಗಣಿಸಿದನು. ಕಥೆಯಲ್ಲಿ ರಾಜಕುಮಾರನು ಹಕ್ಕಿಯ ಬೆನ್ನೇರಿ ಏಳು ಸಮುದ್ರ ದಾಟಿದರೆ ಯಾರೂ ಪುರಾವೆ ಕೇಳುವುದಿಲ್ಲ; ‘ಒಂದಾನೊಂದು ಊರಿನಲ್ಲಿ’ ಎಂಬ ಆರಂಭವೇ ಆ ಒಪ್ಪಂದವನ್ನು ಮಾಡಿಕೊಟ್ಟಿರುತ್ತದೆ. ಐತಿಹ್ಯದ ನಡೆ ಬೇರೆ. ಅದರಲ್ಲಿ ವ್ಯಕ್ತಿ ನಿಜ, ಸ್ಥಳ ನಿಜ, ಕಾಲ ಸಮೀಪದ್ದು, ನಡುವಿನ ಘಟನೆ ಮಾತ್ರ ಅಸಾಮಾನ್ಯ. ಮೇಲಿನ ಪಾಠದಲ್ಲಿ ಈ ಲಕ್ಷಣಗಳೆಲ್ಲ ಇವೆ. ಲೇಖಕರ ಉದ್ದೇಶ ಅಲಂಕಾರವೇ ಆಗಿದ್ದರೂ ಇತಿಹಾಸಪುರುಷರನ್ನು ಕುರಿತ ಪಾಠದೊಳಗೆ, ಯಾವ ಸೂಚನೆಯೂ ಇಲ್ಲದೆ ಬಂದಾಗ ಅದು ಐತಿಹ್ಯವಾಗಿಯೇ ಕೆಲಸ ಮಾಡುತ್ತದೆ. ಆದ್ದರಿಂದ ಹೊಣೆ ಪ್ರವಾಸಕಥನ ಬರೆದವರಿಗಿಂತ ಅದನ್ನು ಆಯ್ದು ಹದಿಮೂರರ ವಯಸ್ಸಿನ ಮಕ್ಕಳ ಮುಂದಿಟ್ಟ ಸಂಪಾದಕರದು.

ಆದರೆ ಐತಿಹ್ಯವನ್ನು ಶಾಲೆಯಿಂದ ಹೊರಗಟ್ಟುವುದು ಪರಿಹಾರವಲ್ಲ. 1831ರ ಜನವರಿ 26ರಂದು ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದುದು ಇತಿಹಾಸ. ಅವನ ಸಮಾಧಿಯ ಬಳಿಯ ಆಲದ ಮರಕ್ಕೆ ಸಂತಾನದ ಹರಕೆ ಹೊತ್ತು ತೊಟ್ಟಿಲು ಕಟ್ಟುವುದು ಐತಿಹ್ಯವನ್ನು ಆಧರಿಸಿದ ಆಚರಣೆ. ಮೊದಲನೆಯದರಿಂದ ರಾಯಣ್ಣನ ಬಗೆಗೆ ತಿಳಿಯುತ್ತದೆ. ಎರಡನೆಯದರಿಂದ ಅವನನ್ನು ನೆನೆಯುವ ಜನರ ಬಗೆಗೆ ತಿಳಿಯುತ್ತದೆ. ಎರಡೂ ಕಲಿಯತಕ್ಕವೇ. ಯಾವುದು ಯಾವುದೆಂದು ಹೇಳದಿರುವುದೇ ಪಕ್ಷಪಾತಕ್ಕೆ ಬಾಗಿಲು.

ಹಲಗಲಿಯ ನಿದರ್ಶನ

ಹತ್ತನೆಯ ತರಗತಿಯ ಕನ್ನಡ ಪಠ್ಯದಲ್ಲಿ ಪದ್ಯಪಾಠವಾಗಿ ಬಂದ ‘ಹಲಗಲಿ ಬೇಡರು’ ಲಾವಣಿ ಇಲ್ಲಿ ಉಪಯುಕ್ತ ನಿದರ್ಶನ. 1857ರಲ್ಲಿ ನಿಶ್ಶಸ್ತ್ರೀಕರಣದ ಕಾಯಿದೆಯಂತೆ ಆಯುಧಗಳನ್ನು ಒಪ್ಪಿಸಲು ಹಲಗಲಿಯ ಬೇಡರು ನಿರಾಕರಿಸಿದರು. ಬ್ರಿಟಿಷ್ ಸೇನೆ ಊರನ್ನು ಸುಟ್ಟಿತು; ಸೆರೆ ಸಿಕ್ಕವರಲ್ಲಿ ಹಲವರು ಗಲ್ಲಿಗೇರಿದರು. ಈ ಘಟನೆಯನ್ನು ಹಾಡಿದ ಲಾವಣಿಯನ್ನು ಮೊದಲಿಗೆ ಸಂಗ್ರಹಿಸಿ ಪ್ರಕಟಿಸಿದವನು ಅದೇ ಆಡಳಿತದ ಅಧಿಕಾರಿಯಾಗಿದ್ದ ಜಾನ್ ಫೇತ್‌ಫುಲ್ ಫ್ಲೀಟ್. ಆಳುವವರ ವಿರುದ್ಧದ ಹಾಡನ್ನು ಆಳುವವರ ಕಡೆಯವನು ಉಳಿಸಿದನು. ಸಂಗ್ರಾಹಕನ ನಿಲುವು ಹಾಡುಗಾರನ ನಿಲುವನ್ನು ಅಳಿಸಲಿಲ್ಲ; ಏಕೆಂದರೆ ಸಂಗ್ರಹದ ಕ್ರಮವೇ ಇಬ್ಬರನ್ನೂ ಪ್ರತ್ಯೇಕವಾಗಿ ಕಾಣಿಸುತ್ತದೆ. ಹಾಡಿದವರು ಯಾರು, ಬರೆದುಕೊಂಡವರು ಯಾರು, ಯಾವ ಸಂದರ್ಭ ಎಂಬುದನ್ನು ಕ್ಷೇತ್ರಕಾರ್ಯದ ಶಿಸ್ತು ಕಡ್ಡಾಯಗೊಳಿಸಿದೆ. ಪಠ್ಯಪುಸ್ತಕದ ಆರಂಭದಲ್ಲಿ ಸಮಿತಿಯ ಹೆಸರುಗಳಿರುತ್ತವೆ. ಒಂದು ಪಾಠವನ್ನು ಏಕೆ ಆಯ್ದರು, ಇನ್ನೊಂದನ್ನು ಏಕೆ ಬಿಟ್ಟರು ಎಂಬ ಮಾತು ಪಾಠದ ಪಕ್ಕದಲ್ಲಿ ಇರುವುದಿಲ್ಲ. ನಿಲುವು ಇರುವುದು ತಪ್ಪಲ್ಲ, ನಿಲುವು ಅಡಗಿರುವುದು ತಪ್ಪು.

ಸವಾಲು–ಜವಾಬು

ಭಿನ್ನಮತವನ್ನು ಶಿಕ್ಷಣವಾಗಿಸಿದ ಪರಂಪರೆ ಕನ್ನಡ ನಾಡಿಗೆ ಅಪರಿಚಿತವಲ್ಲ. ಉತ್ತರ ಕರ್ನಾಟಕದ ಲಾವಣಿಕಾರರು ಹರದೇಶಿ–ನಾಗೇಶಿ ಎಂದು ಎರಡು ಪಕ್ಷಗಳಾಗಿ ನಿಂತು, ಒಂದು ಗಂಡಿನ ಹಿರಿಮೆಯನ್ನೂ ಇನ್ನೊಂದು ಹೆಣ್ಣಿನ ಹಿರಿಮೆಯನ್ನೂ ಎತ್ತಿಹಿಡಿದು ಇಡೀ ರಾತ್ರಿ ವಾದಿಸುತ್ತಾರೆ. ಎದುರಾಳಿಯ ಸವಾಲನ್ನು ಪೂರ್ತಿ ಕೇಳಿಸಿಕೊಳ್ಳದವನಿಗೆ ಜವಾಬು ಕೊಡುವುದು ಸಾಧ್ಯವಿಲ್ಲ. ಕರಾವಳಿಯ ತಾಳಮದ್ದಳೆಯಲ್ಲಿ ಇಂದು ವಾಲಿಯಾಗಿ ರಾಮನನ್ನು ಪ್ರಶ್ನಿಸಿದ ಅರ್ಥಧಾರಿ ನಾಳೆ ರಾಮನಾಗಿ ಅದೇ ಪ್ರಶ್ನೆಗೆ ಉತ್ತರಿಸಬೇಕಾಗುತ್ತದೆ. ಇಲ್ಲಿ ಪಕ್ಷವುಂಟು, ಎದುರುಪಕ್ಷದ ಅಳಿವಿನ ಬಯಕೆಯಿಲ್ಲ. ಎದುರು ಪಕ್ಷವಿಲ್ಲದೆ ಆಟವೇ ನಡೆಯದು.

ಈ ಹೋಲಿಕೆಗೆ ಮಿತಿಯೂ ಉಂಟು. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂಬ ವಾದವನ್ನು ದಾಖಲೆಯಿಂದ ತೀರ್ಮಾನಿಸಲಾಗದು. ರಾಯಣ್ಣ ಯಾವ ದಿನ ಮಡಿದನೆಂಬುದನ್ನು ತೀರ್ಮಾನಿಸಬಹುದು. ಎಲ್ಲ ಹೇಳಿಕೆಗಳೂ ಸಮಾನ ಪಾಠಾಂತರಗಳೆಂದು ಹೇಳುವುದು ಜಾನಪದದ ಹೆಸರಿನಲ್ಲಿ ಇತಿಹಾಸಕ್ಕೆ ಮಾಡುವ ಅನ್ಯಾಯವಾಗುತ್ತದೆ. ‘ಜನರ ಬಾಯಲ್ಲಿದೆ’ ಎಂಬುದು ಒಂದು ಘಟನೆ ನಡೆಯಿತೆಂಬುದಕ್ಕೆ ಸಾಕ್ಷಿಯಲ್ಲ. ಯಾರ ಬಾಯಲ್ಲಿ, ಯಾವಾಗಿನಿಂದ, ಯಾವ ಹಾಡಿನಲ್ಲಿ ಎಂಬ ಪ್ರಶ್ನೆಗಳಿಗೆ ಉತ್ತರ ದೊರೆತಾಗ ಮಾತ್ರ ಅದು ಸಾಕ್ಷ್ಯದ ವಿಚಾರಣೆಗೆ ಅರ್ಹವಾಗುತ್ತದೆ.

ಉಪಸಂಹಾರ

ಈ ಸೆಣಸಾಟದಲ್ಲಿ ಹೆಚ್ಚು ನಷ್ಟ ಅನುಭವಿಸುವವರು ಸರ್ಕಾರಿ ಶಾಲೆಯ ಮಕ್ಕಳು. ಕೇಂದ್ರೀಯ ಪಠ್ಯಕ್ರಮದ ಖಾಸಗಿ ಶಾಲೆಗಳಿಗೆ ರಾಜ್ಯದ ಪರಿಷ್ಕರಣೆಗಳು ತಟ್ಟುವುದಿಲ್ಲ. ಮನೆಯಲ್ಲಿ ಬೇರೆ ಪುಸ್ತಕಗಳಿರುವ ಮಗು ಪಠ್ಯದ ಕೊರತೆಯನ್ನು ಬೇರೆಡೆ ತುಂಬಿಕೊಳ್ಳಬಲ್ಲದು. ಸರ್ಕಾರ ಕೊಟ್ಟ ಪುಸ್ತಕವೇ ಮನೆಯ ಏಕೈಕ ಪುಸ್ತಕವಾಗಿರುವ ಮಗುವಿಗೆ ಆ ಅನುಕೂಲವಿಲ್ಲ. ಅಣ್ಣ ಓದಿದ ಪಾಠ ತಂಗಿಯ ಪುಸ್ತಕದಲ್ಲಿ ಕಾಣದೆ ಹೋದಾಗ, ಏಕೆ ಇಲ್ಲವೆಂಬುದನ್ನು ಅವಳಿಗೆ ಯಾರೂ ಹೇಳುವುದಿಲ್ಲ. ಆಗ ಅವಳು ಕಲಿಯುವುದು ಬಸವಣ್ಣನವರನ್ನಲ್ಲ, ಸಾವರ್ಕರರನ್ನೂ ಅಲ್ಲ. ಅಧಿಕಾರ ಇದ್ದವರ ಮಾತೇ ಪಾಠವೆಂಬುದನ್ನು.

ವಿವಾದಿತ ವಿಷಯಗಳಲ್ಲಿ ಕನಿಷ್ಠ ಎರಡು ಪಾಠಗಳನ್ನು ಅವುಗಳ ಆಕರಗಳೊಡನೆ ನೀಡುವುದು, ಇತಿಹಾಸ–ಐತಿಹ್ಯ–ಕಾವ್ಯಗಳ ಭೇದವನ್ನು ಪಾಠದಲ್ಲೇ ಸೂಚಿಸುವುದು, ಸೇರಿಸಿದ ಹಾಗೂ ಕೈಬಿಟ್ಟ ಪಾಠಗಳಿಗೆ ಕಾರಣವನ್ನು ಪ್ರಕಟಿಸುವುದು, ಪರಿಷ್ಕರಣೆಯನ್ನು ಚುನಾವಣೆಯ ಗಡುವಿಗಲ್ಲದೆ ವಿದ್ವತ್ತಿನ ಗಡುವಿಗೆ ಒಳಪಡಿಸುವುದು ಈ ವಿಮರ್ಶೆಯಿಂದ ಹೊರಡುವ ಸೂಚನೆಗಳು. ಇವು ಮಕ್ಕಳನ್ನು ಗೊಂದಲಕ್ಕೆ ದೂಡುತ್ತವೆ ಎಂಬ ಆಕ್ಷೇಪ ನಿಲ್ಲಲಾರದು. ಒಂದೇ ಕಥೆಯನ್ನು ಅಜ್ಜಿ ಒಂದು ಬಗೆಯಲ್ಲಿ, ಸೋದರತ್ತೆ ಇನ್ನೊಂದು ಬಗೆಯಲ್ಲಿ ಹೇಳುವುದನ್ನು ಕೇಳಿ ಬೆಳೆದ ಮಗು ಪಾಠಾಂತರಕ್ಕೆ ಹೊಸದಲ್ಲ. ಅದಕ್ಕೆ ಹೊಸದಾಗಿರುವುದು, ಶಾಲೆಯ ಹೊಸ್ತಿಲು ದಾಟಿದೊಡನೆ ಎದುರಾಗುವ ಒಂದೇ ಪಾಠದ ಹಟ.