ದಾರಿ ಬಲ್ಲವರ ಹಿಂದೆ

ಶುಕ್ರವಾರ ರಾತ್ರಿ ಒಂಬತ್ತರ ಮೇಲೆ ಯಶವಂತಪುರದ ಕಡೆ ಹೋದರೆ ಬೆನ್ನಿಗೆ ದೊಡ್ಡ ಚೀಲ ಏರಿಸಿಕೊಂಡ ಹುಡುಗ ಹುಡುಗಿಯರು ಟೆಂಪೊ ಟ್ರಾವೆಲರ್‌ಗಾಗಿ ಕಾಯುತ್ತಾ ನಿಂತಿರುವುದು ಕಾಣುತ್ತದೆ. ಬೆಳಗಾಗುವುದರೊಳಗೆ ಕುದುರೆಮುಖವೋ, ಕುಮಾರಪರ್ವತವೋ, ಗೋಕರ್ಣದ ಕಡಲಂಚೋ. ಭಾನುವಾರ ರಾತ್ರಿ ಮತ್ತೆ ಇಲ್ಲೇ ಇಳಿಯುತ್ತಾರೆ. ಸೋಮವಾರ ಅವರಲ್ಲಿ ಕೆಲವರು ನನ್ನ ತರಗತಿಯಲ್ಲಿ ಕೂತು ತೂಕಡಿಸುತ್ತಾರೆ. ನಾನು ಯಲಹಂಕದ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವನು. ತೂಕಡಿಕೆಗೆ ದಂಡವಾಗಿ ಒಮ್ಮೆ, ‘ಹೋದ ಜಾಗದ ಬಗ್ಗೆ ಎರಡು ಪುಟ ಬರೆದುಕೊಂಡು ಬನ್ನಿ’ ಅಂದೆ.

ಬರೆದು ತಂದರು. ಓದಿದೆ. ಯಾರದು ಯಾವ ಬೆಟ್ಟ ಎಂದು ಹೆಸರು ನೋಡದೆ ಹೇಳುವುದು ಸಾಧ್ಯವಿರಲಿಲ್ಲ. ಎಲ್ಲದರಲ್ಲೂ ಮಂಜಿತ್ತು, ಮಂಜಿನೊಳಗೆ ಸ್ವರ್ಗವಿತ್ತು. ಹತ್ತುವಾಗ ಸುಸ್ತು, ತುದಿ ತಲುಪಿದೊಡನೆ ಆಯಾಸವೆಲ್ಲ ಮಾಯ. ಒಂದು ಗಿಡದ ಹೆಸರಿಲ್ಲ, ಒಬ್ಬ ಮನುಷ್ಯನ ಹೆಸರಿಲ್ಲ. ಮಕ್ಕಳನ್ನು ದೂರಿ ಪ್ರಯೋಜನವಿಲ್ಲ. ಪತ್ರಿಕೆಗಳ ಪ್ರವಾಸ ಪುಟಗಳಲ್ಲಿ ದೊಡ್ಡವರು ಬರೆಯುವುದೂ ಹೀಗೇ ಇರುತ್ತದೆ. ‘ಚಾರಣ’ ಎಂಬ ಪದವನ್ನೇ ನೋಡಿ. ಸಂಸ್ಕೃತದಲ್ಲಿ ಊರೂರು ಅಲೆದು ಹಾಡುವವನಿಗೆ ಚಾರಣ ಎನ್ನುತ್ತಿದ್ದರು. ನಾವು ಅದನ್ನು ಟ್ರೆಕ್ಕಿಂಗ್‌ಗೆ ಕೊಟ್ಟೆವು. ಅಲೆದಾಟ ಉಳಿಯಿತು, ಹಾಡೂ ಊರೂ ಬಿಟ್ಟುಹೋದವು.

ನಡಿಗೆಯ ಬರವಣಿಗೆ ಹೀಗೆ ಒಂದೇ ಅಚ್ಚಿನದಾಗುವುದೇಕೆ? ಈ ಪ್ರಶ್ನೆ ಇಟ್ಟುಕೊಂಡು ಆ ವರ್ಷ ಮೂರು ಪುಸ್ತಕಗಳನ್ನು ತರಗತಿಗೆ ಒಯ್ದೆ: ಒಂದು ಫ್ರಾನ್ಸಿನ ನಡಿಗೆ, ಎರಡು ನಮ್ಮವು.

ಫ್ರಾನ್ಸಿನದು ಆರ್. ಎಲ್. ಸ್ಟೀವನ್ಸನ್ ಬರೆದದ್ದು. 1878ರ ಸೆಪ್ಟೆಂಬರ್ ಕೊನೆಯಲ್ಲಿ ಅವನು ಲ ಮೊನಾಸ್ತಿಯೆ ಎಂಬ ಊರಿನಿಂದ ಹೊರಟು, ದಕ್ಷಿಣ ಫ್ರಾನ್ಸಿನ ಸೆವೆನ್ ಬೆಟ್ಟಸೀಮೆಯ ಹೊಳೆ, ಕಾಡು, ಕಣಿವೆಗಳನ್ನು ಹಾದು ಹನ್ನೆರಡು ದಿನ ನಡೆದ. ಜೊತೆಗೆ ಮೊಡೆಸ್ಟೀನ್ ಎಂಬ ಹೆಣ್ಣು ಕತ್ತೆ. ಮರುವರ್ಷ ಪುಸ್ತಕ ಬಂತು. ಆತ ನಡೆದ ಹಾದಿ ಇವತ್ತು ಜಿ.ಆರ್. 70 ಎಂಬ ಹೆಸರಿನ ಅಧಿಕೃತ ಕಾಲುದಾರಿ. ಕಲ್ಲು ಮರಗಳ ಮೇಲೆ ಕೆಂಪು-ಬಿಳಿ ಗೆರೆ ಎಳೆದು ಗುರುತು ಮಾಡಿದ್ದಾರೆ. ಬೇಕೆಂದವರಿಗೆ ಬಾಡಿಗೆಗೆ ಕತ್ತೆಯೂ ಸಿಗುತ್ತದೆಯಂತೆ.

ನನ್ನ ಹುಡುಗರಿಗೆ ಹಿಡಿಸಿದ್ದು ಆರಂಭದ ಭಾಗ. ಸ್ಟೀವನ್ಸನ್ ಒಂದು ದೊಡ್ಡ ಮಲಗುವ ಚೀಲ ಹೊಲಿಸಿಕೊಳ್ಳುತ್ತಾನೆ, ಕುರಿಯ ತೊಡೆಮಾಂಸ, ವೈನು, ಮೊಟ್ಟೆ ಕಲಕುವ ಸಾಧನ ಎಲ್ಲವನ್ನೂ ಕತ್ತೆಯ ಮೇಲೆ ಹೇರುತ್ತಾನೆ. ಮೊದಲ ದಿನವೇ ಹೊರೆ ಜಾರಿ, ಅರ್ಧ ಸಾಮಾನು ಬಿಸಾಡಬೇಕಾಗುತ್ತದೆ. ಆನ್‌ಲೈನಿನಲ್ಲಿ ತರಿಸಿದ ತಮ್ಮ ಬೂಟು, ಕೋಲು, ಟಾರ್ಚುಗಳನ್ನು ನೆನೆದು ಎಲ್ಲರೂ ನಕ್ಕರು. ನನ್ನನ್ನು ಹಿಡಿದು ನಿಲ್ಲಿಸುವುದು ಬೇರೆ ಜಾಗ. ಕತ್ತಲಾಗಿದೆ, ಮಳೆ ಹನಿಯುತ್ತಿದೆ, ದಾರಿ ತಪ್ಪಿದೆ. ಒಂದು ಹಳ್ಳಿಯ ಬಾಗಿಲಲ್ಲಿ ನಿಂತು ದಾರಿ ತೋರಿಸಿ ಎಂದು ಬೇಡುತ್ತಾನೆ. ಒಳಗಿದ್ದವನು ಹೊಸ್ತಿಲು ದಾಟಿ ಬರಲು ಒಪ್ಪುವುದಿಲ್ಲ. ಸ್ಟೀವನ್ಸನ್ ಕಾಡಿನಲ್ಲೇ ಮಲಗುತ್ತಾನೆ, ಬೆಳಿಗ್ಗೆ ಎದ್ದು ಖುಷಿಯಾಗಿರುತ್ತಾನೆ. ಒಂಟಿ ನಡಿಗೆಯ ಪುಸ್ತಕದಲ್ಲಿ ಇದು ಆಗಲೇಬೇಕು. ದಾರಿ ಬಲ್ಲವನು ಬಾಗಿಲು ಹಾಕಿಕೊಂಡಾಗಲೇ ನಡೆಯುವವನಿಗೆ ನಕ್ಷತ್ರಗಳು ಕಾಣುವುದು. ಬಾಗಿಲು ಹಾಕಿಕೊಂಡವನಿಗೆ ಏನು ಭಯವಿತ್ತು ಎಂದು ಮಾತ್ರ ಪುಸ್ತಕ ಹೆಚ್ಚು ಕೇಳುವುದಿಲ್ಲ.

ಅವನಿಗೆ ನ್ಯಾಯವಾಗಿ ಇನ್ನೊಂದು ಮಾತು ಹೇಳಬೇಕು. ಪುಸ್ತಕದ ಕೊನೆಯ ಭಾಗದಲ್ಲಿ, 1702ರಲ್ಲಿ ರಾಜನ ವಿರುದ್ಧ ಎದ್ದ ಕಾಮಿಸಾರ್ ಎಂಬ ಪ್ರಾಟೆಸ್ಟೆಂಟ್ ರೈತರ ನಾಡಿಗೆ ಕಾಲಿಟ್ಟ ಮೇಲೆ, ಅವನ ಗದ್ಯ ಬದಲಾಗುತ್ತದೆ. ಬೆಟ್ಟಗಳು ಬರಿಯ ನೋಟವಾಗಿ ಉಳಿಯದೆ ಯಾರೋ ಅಡಗಿದ್ದ, ಯಾರೋ ಸತ್ತ ಜಾಗಗಳಾಗುತ್ತವೆ. ಪುಸ್ತಕದ ಜೀವ ಅಲ್ಲಿದೆ ಎಂದು ನನ್ನ ಅನಿಸಿಕೆ. ಕತ್ತೆಯಿಂದಾಗಿ ಅದು ಜನಪ್ರಿಯವಾಯಿತು, ಅಷ್ಟೆ.

ಎರಡನೆಯದು ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’. ಇದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಡಿ.ವಿ.ಜಿ.ಯವರ ಮಗ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಮೇಷ್ಟ್ರು. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಪಶ್ಚಿಮಘಟ್ಟದಲ್ಲಿ ಗಿಡ ಹುಡುಕಿ ಅಲೆದದ್ದೇ ವಸ್ತು. ಚಿತ್ರಗಳೂ ಅವರವೇ. ಪಠ್ಯದಲ್ಲಿ ಇದರ ತುಣುಕು ಓದಿದವರಿಗೆ ಹಾಸ್ಯ ನೆನಪಿರುತ್ತದೆ. ಆದರೆ ನಡಿಗೆಯ ಪುಸ್ತಕವಾಗಿ ಇದನ್ನು ಓದಿದವರು ಕಡಿಮೆ. ಹಾಗೆ ಓದಿದಾಗ ಒಂದು ವಿಚಿತ್ರ ಕಾಣುತ್ತದೆ: ಇಲ್ಲಿ ಶಿಖರವೇ ಮುಖ್ಯವಲ್ಲ. ನಾಲ್ಕು ಹೆಜ್ಜೆಗೆ ಒಂದು ಗಿಡ. ಅದರ ಲ್ಯಾಟಿನ್ ಹೆಸರು, ಕನ್ನಡದ ಹೆಸರು, ತಮಿಳಿನದು, ಹಳೆಯ ಕಾವ್ಯದಲ್ಲಿ ಅದು ಎಲ್ಲಿ ಬಂದಿದೆ ಎಂಬ ನೆನಪು, ಆಮೇಲೆ ಯಾರದೋ ಕಾಲೆಳೆತ. ಅಷ್ಟರಲ್ಲಿ ಇನ್ನೊಂದು ಗಿಡ. ನನ್ನ ಹುಡುಗರು ಎರಡು ದಿನದಲ್ಲಿ ಮುಗಿಸುವ ಹಾದಿಯನ್ನು ಸ್ವಾಮಿಯವರಿಗೆ ಕೊಟ್ಟಿದ್ದರೆ ಮೊದಲ ತಿರುವಿನಲ್ಲೇ ಸಂಜೆಯಾಗುತ್ತಿತ್ತು.

ನಿಲ್ಲುವುದನ್ನು ಕಲಿಸುವ ಪುಸ್ತಕ ಇದು. ಮಂಜಿನ ವರ್ಣನೆಗೆ ಯಾರೂ ಎಲ್ಲಿಯೂ ನಿಲ್ಲಬೇಕಿಲ್ಲ. ಎಲೆಯ ಹಿಂಬದಿ ತಿರುಗಿಸಿ ನೋಡುವುದಕ್ಕೆ ನಿಲ್ಲಲೇಬೇಕು. ಆದರೂ ಒಂದು ತಕರಾರು ನನಗಿದೆ. ಈ ನಡಿಗೆಯಲ್ಲಿ ಮುಂದೆ ಇರುವವರು ಮೇಷ್ಟ್ರು. ಹೆಸರುಗಳು ಹೆಚ್ಚಿನಂಶ ಅವರ ತಲೆಯಿಂದ ಇಳಿದು ಗಿಡದ ಮೇಲೆ ಕೂರುತ್ತವೆ. ಕಾಡಿನ ಅಂಚಿನಲ್ಲೇ ಬದುಕುವವರು ಬಂದಾಗ ಅವರ ತಿಳಿವಳಿಕೆಗಿಂತ ಅವರ ಮಾತಿನ ಧಾಟಿ ಹೆಚ್ಚು ನೆನಪಿನಲ್ಲಿ ಉಳಿಯುತ್ತದೆ. ಸ್ವಾಮಿಯವರು ತಮ್ಮನ್ನೂ ಗೇಲಿ ಮಾಡಿಕೊಳ್ಳುತ್ತಾರೆ, ನಿಜ. ಆದರೆ ತಪ್ಪು ಮಾಡುವ ಮೇಷ್ಟ್ರು ಕೂಡ ಮೇಷ್ಟ್ರೇ.

ಮೂರನೆಯದು ಕಾದಂಬರಿ, ಪೂರ್ಣಚಂದ್ರ ತೇಜಸ್ವಿಯವರ 1980ರ ‘ಕರ್ವಾಲೊ’. ಇದನ್ನು ನಡಿಗೆಯ ಪುಸ್ತಕ ಎಂದದ್ದಕ್ಕೆ ಒಬ್ಬಳು ಆಕ್ಷೇಪಿಸಿದಳು. ಅವಳ ಮಾತೂ ಸರಿ. ಮುಕ್ಕಾಲು ಪುಸ್ತಕ ಮೂಡಿಗೆರೆಯ ಸುತ್ತಲೇ ಗಿರಕಿ ಹೊಡೆಯುತ್ತದೆ: ಜೇನು ಸೊಸೈಟಿ, ತೋಟ ಮಾರಿಬಿಡೋಣ ಎಂದು ಬೇಸತ್ತ ನಿರೂಪಕ, ಮಂದಣ್ಣನ ಮದುವೆ. ಕಾಡಿನೊಳಗಿನ ನಡಿಗೆ ಬರುವುದು ಕೊನೆಯಲ್ಲಿ. ಆದರೆ ಆ ನಡಿಗೆಯಲ್ಲಿ ಯಾರ ಹಿಂದೆ ಯಾರು ಇದ್ದಾರೆ ನೋಡಿ. ಕರ್ವಾಲೊ ದೊಡ್ಡ ವಿಜ್ಞಾನಿ. ಹಾರುವ ಓತಿಯನ್ನು ಕಂಡವನು ಮಾತ್ರ ಮಂದಣ್ಣ. ಊರಿನವರ ಕಣ್ಣಿಗೆ ಅಬ್ಬೇಪಾರಿ, ಜೇನು ಹಿಡಿಯುವವನು, ಒಂದು ಸಣ್ಣ ಸರ್ಕಾರಿ ಕೆಲಸಕ್ಕಾಗಿ ಹಂಬಲಿಸುವವನು. ಅವನಿಗೆ ತನ್ನ ಕಣ್ಣಿನ ಬೆಲೆ ತಿಳಿದಿಲ್ಲ. ಅದು ಗೊತ್ತಿರುವುದು ಕರ್ವಾಲೊ ಒಬ್ಬರಿಗೆ. ಆದ್ದರಿಂದಲೇ ಅವರು ದೊಡ್ಡ ವಿಜ್ಞಾನಿ. ಪ್ಯಾರ, ಬಿರ್ಯಾನಿ ಕರಿಯಪ್ಪ, ಕಿವಿ ಎಂಬ ನಾಯಿ ಎಲ್ಲರೂ ಸೇರಿ ನಾರ್ವೆಯ ಕಾಡು ಹೊಕ್ಕು, ಕಡೆಗೆ ಪ್ರಪಾತದ ಅಂಚಿಗೆ ಬಂದು ನಿಲ್ಲುತ್ತಾರೆ. ಓತಿ ಕಣಿವೆಯ ಮೇಲೆ ತೇಲಿಹೋಗುತ್ತದೆ. ಕೈಗೆ ಏನೂ ಸಿಗುವುದಿಲ್ಲ. ಕನ್ನಡದಲ್ಲಿ ಬೆಟ್ಟದ ತುದಿಯಿಂದ ಕಣಿವೆ ನೋಡಿದ ವರ್ಣನೆಗಳು ಬೇಕಾದಷ್ಟಿವೆ. ಆ ಒಂದು ಪುಟದ ಹತ್ತಿರ ಯಾವುದೂ ಬರುವುದಿಲ್ಲ, ಯಾಕೆಂದರೆ ಅಲ್ಲಿ ನಿಂತವರು ನೋಟಕ್ಕಾಗಿ ಬಂದವರಲ್ಲ.

(ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’ ಯಾಕಿಲ್ಲ ಎಂದು ಕೇಳಬಹುದು. 1933ರ ಆ ಪುಸ್ತಕ ನನಗೆ ಬಹಳ ಇಷ್ಟ. ಆದರೆ ಅದು ಮನೆಯ ಹಿತ್ತಿಲಿನಿಂದ ಕಾಡಿಗೆ ಇಳಿದವರ ಬರವಣಿಗೆ. ಟೆಂಪೊ ಟ್ರಾವೆಲರ್‌ನಿಂದ ಇಳಿದವರು ಅದನ್ನು ಅನುಕರಿಸಿದರೆ ಸುಳ್ಳಾಗುತ್ತದೆ. ಪ್ರವಾಸ ಪುಟಗಳ ಅರ್ಧ ಮಂಜು ಅಲ್ಲಿಂದ ಕದ್ದದ್ದು ಎಂದು ನನ್ನ ಗುಮಾನಿ.)

ಇಷ್ಟಾದ ಮೇಲೆ ಹುಡುಗರ ಬರಹಗಳನ್ನು ಮತ್ತೆ ತೆಗೆದೆ. ಒಬ್ಬ ಗೋಕರ್ಣದ ಕುಡ್ಲೆಯಿಂದ ಓಂ ಬೀಚಿಗೆ ಜಂಬಿಟ್ಟಿಗೆ ಗುಡ್ಡದ ಅಂಚಿನಲ್ಲಿ ನಡೆದದ್ದನ್ನು ಬರೆದಿದ್ದ. ಆ ಕಾಲುದಾರಿ ಯಾರು ಮಾಡಿದ್ದು ಎಂದು ಕೇಳಿದೆ. ಉತ್ತರವಿರಲಿಲ್ಲ. ಫ್ರಾನ್ಸಿನ ಬ್ರಿಟ್ಟನಿಯಲ್ಲಿ ಕಡಲ ಬಂಡೆಗಳ ಅಂಚಿನಲ್ಲೇ ಸಾಗುವ ಜಿ.ಆರ್. 34 ಎಂಬ ಹಾದಿ ಸುಮಾರು 2000 ಕಿಲೋಮೀಟರ್ ಉದ್ದವಿದೆ. ಅದಕ್ಕೆ ಜನ ಇವತ್ತಿಗೂ ಸುಂಕದವರ ಹಾದಿ ಎನ್ನುತ್ತಾರೆ. ಕಳ್ಳಸಾಗಣೆ ಕಾಯಲು ಸುಂಕದ ಪೇದೆಗಳು ಹಗಲು ರಾತ್ರಿ ತಿರುಗಿ ಮಾಡಿದ ದಾರಿ ಅದು. ಹೆಸರಿನಲ್ಲೇ ದುಡಿದವರ ಹೆಜ್ಜೆ ಉಳಿದಿದೆ. 1976ರ ಒಂದು ಕಾನೂನಿನಿಂದ ಕಡಲಂಚಿನ ಖಾಸಗಿ ಜಮೀನಿನಲ್ಲೂ ಮೂರು ಮೀಟರ್ ಅಗಲ ನಡೆಯುವವರಿಗೆ ಬಿಡಬೇಕಾಯಿತು. ನಮ್ಮಲ್ಲಿ 2024ರ ಜನವರಿಯಲ್ಲಿ ಕುಮಾರಪರ್ವತದ ಹಾದಿಯಲ್ಲಿ ಸಾವಿರಾರು ಜನ ಜಾತ್ರೆಯಂತೆ ಸಾಲುಗಟ್ಟಿದ ವಿಡಿಯೊ ಹರಿದಾಡಿದ ಮೇಲೆ ಆನ್‌ಲೈನ್ ಟಿಕೆಟ್ ಬಂತು. ಟಿಕೆಟ್ ಬೇಕಿತ್ತು, ಅನುಮಾನವಿಲ್ಲ. ಆದರೆ ಟಿಕೆಟಿನಿಂದ ದಾರಿಗೆ ಚರಿತ್ರೆ ಬರುವುದಿಲ್ಲ.

ಆಗ ಹಿಂದಿನ ಬೆಂಚಿನವನೊಬ್ಬ ಅಂದ, ‘ಸಾರ್, ಮಂದಣ್ಣನ ಹಿಂದೆ ಹೋಗೋದಕ್ಕೆ ನಮ್ಮೂರಲ್ಲಿ ಕಣಿವೆ ಎಲ್ಲಿದೆ? ನಮ್ಮದು ಯಲಹಂಕ.’

ಚಿಕ್ಕಬಳ್ಳಾಪುರ ಕಡೆಯ ಹುಡುಗಿ ಥಟ್ಟನೆ ತಿರುಗಿದಳು. ‘ನಮ್ಮ ಕೆರೆಗೆ ಬರೋದು ನಿಮ್ಮ ವ್ಯಾಲಿ ನೀರೇ ಕಣೋ.’

ತರಗತಿ ನಕ್ಕಿತು. ನನಗೆ ನಗು ಬರಲಿಲ್ಲ. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ ಕೋಲಾರ, ಚಿಕ್ಕಬಳ್ಳಾಪುರದ ಕೆರೆಗಳಿಗೆ ಪಂಪು ಮಾಡುವ ಯೋಜನೆಗಳ ಹೆಸರು ಕೆ.ಸಿ. ವ್ಯಾಲಿ, ಎಚ್.ಎನ್. ವ್ಯಾಲಿ. ಎಚ್.ಎನ್. ಎಂದರೆ ಹೆಬ್ಬಾಳ-ನಾಗವಾರ. ಮೂರನೇ ಹಂತದ ಶುದ್ಧೀಕರಣವೂ ಬೇಕು ಎಂದು ಆ ಜಿಲ್ಲೆಗಳ ಜನ ಕೇಳುತ್ತಲೇ ಬಂದಿದ್ದಾರೆ. ಅವರ ಬಾಯಲ್ಲಿ ‘ವ್ಯಾಲಿ’ ಎಂದರೆ ಆ ನೀರು. ಕನ್ನಡ ಸಾಹಿತ್ಯ ಓದಿದ ನಮ್ಮ ಬಾಯಲ್ಲಿ ‘ಕಣಿವೆ’ ಎಂದರೆ ಆಗುಂಬೆ. ಒಂದೇ ಪದ ಎರಡು ಭಾಷೆಯಲ್ಲಿ ಇಷ್ಟು ದೂರ ಹೋಗಿ ಕೂತಿದೆ. ಯಲಹಂಕದ ಕೆರೆಯ ನೀರು ಜಕ್ಕೂರಿಗೆ, ಅಲ್ಲಿಂದ ರಾಚೇನಹಳ್ಳಿಗೆ ಇಳಿಯುತ್ತದೆ, ಮುಂದೆ ದಕ್ಷಿಣ ಪಿನಾಕಿನಿಯ ಪಾಲು. ಪಡುವಣಕ್ಕೆ ಸ್ವಲ್ಪ ದೂರ ಹೋದರೆ ಹೆಸರಘಟ್ಟ, ಅಲ್ಲಿನ ನೀರು ಅರ್ಕಾವತಿಗೆ, ಕಾವೇರಿಗೆ. ಇವೆರಡರ ನಡುವಿನ ದಿಣ್ಣೆಯ ಮೇಲೆ ನಾವು ಬಸ್ಸಿಗೆ ಕಾಯುತ್ತೇವೆ.

ಮುಂದಿನ ಶನಿವಾರ ಯಲಹಂಕ ಕೆರೆಯಿಂದ ಜಕ್ಕೂರು ಕೆರೆಗೆ ನಡೆದೇ ಹೋಗೋಣ ಎಂದೆ. ಹನ್ನೊಂದು ಜನ ಬಂದರು. ಒಬ್ಬನ ತಾತನ ಹತ್ತಿರ ಹಳೆಯ ಗ್ರಾಮನಕ್ಷೆಯ ನಕಲು ಇತ್ತು, ತಂದಿದ್ದ. ನಕಾಶೆ ಕಂಡ ದಾರಿ ಎನ್ನುತ್ತಾರಲ್ಲ, ಆ ಚುಕ್ಕೆಗೆರೆ ಹಿಡಿದು ಹೊರಟೆವು. ಚುಕ್ಕೆಗಳು ಒಂದು ಅಪಾರ್ಟ್‌ಮೆಂಟಿನ ಕಾಂಪೌಂಡಿನೊಳಗೆ ಹೋದವು. ಕಾವಲಿನವನು ಗೇಟಿನ ಆಚೆಯಿಂದಲೇ ಕೈಯಾಡಿಸಿದ. ‘ಸ್ಟೀವನ್ಸನ್!’ ಎಂದು ಯಾರೋ ಕೂಗಿದರು. ಸುತ್ತು ಹಾಕಿ, ಹೆದ್ದಾರಿಯ ಕೆಳಗೆ ನುಸುಳಿ, ರಾಜಕಾಲುವೆಯ ವಾಸನೆಯ ಪಕ್ಕ ಮೂಗು ಮುಚ್ಚಿಕೊಂಡು ಜಕ್ಕೂರು ತಲುಪುವಾಗ ಬಿಸಿಲೇರಿತ್ತು. ಸುಂದರವಾದ ನಡಿಗೆ ಎಂದು ಹೇಳಲಾರೆ.

ಕೆರೆಯಂಚಿನಲ್ಲಿ ಒಬ್ಬ ಅಜ್ಜಿ ಸೆರಗಿಗೆ ಸೊಪ್ಪು ಕಿತ್ತುಹಾಕಿಕೊಳ್ಳುತ್ತಿದ್ದರು. ಚಿಕ್ಕಬಳ್ಳಾಪುರದ ಹುಡುಗಿ ಹೋಗಿ ಪಕ್ಕದಲ್ಲಿ ಕೂತಳು.

‘ಏನಜ್ಜಿ ಇದು?’

‘ಹೊನಗೊನೆ. ಕಣ್ಣಿಗೆ ಒಳ್ಳೇದು.’

ಅವಳೂ ನಾಲ್ಕು ಕುಡಿ ಕೀಳಲು ಕೈ ಚಾಚಿದಳು. ಅಜ್ಜಿ ತಡೆದರು. ‘ಈ ಕಡೇದು ಬ್ಯಾಡ ಕಣಮ್ಮಾ, ನೀರು ಬರೋ ಕಡೆ ಅದು. ನಾನೂ ಇದನ್ನ ಹಸೀಗೆ ಹಾಕಾಕೆ ಕೀಳ್ತಿರೋದು. ಮನೇಗಾದ್ರೆ ಆ ತೂಬಿನ ತಾವಿಂದ ಕಿತ್ಕೋ.’

ಹೇಗೆ ಗೊತ್ತು ಎಂದು ಅವಳು ಕೇಳಿದಳು. ಎಲೆಯ ಬಣ್ಣ ನೋಡು ಎಂದು ಅಜ್ಜಿ ಎರಡು ಕುಡಿಗಳನ್ನು ಅಂಗೈ ಮೇಲೆ ಪಕ್ಕಪಕ್ಕ ಇಟ್ಟರು. ನನಗೆ ವ್ಯತ್ಯಾಸ ಕಾಣಲಿಲ್ಲ. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದೆ. ಅಷ್ಟರಲ್ಲಿ ಅಜ್ಜಿ ಎದ್ದು ತೂಬಿನ ಕಡೆ ಹೊರಟಿದ್ದರು, ಹುಡುಗರು ಒಬ್ಬೊಬ್ಬರಾಗಿ ಅವರ ಹಿಂದೆ.