ಹೊಳೆಯ ಹೆಸರು, ದೊರೆಯ ಹೆಸರು: ಕೊಡಗಿನ ನೈಸರ್ಗಿಕ ತಾಣಗಳ ಮರುನಾಮಕರಣ ಕುರಿತು

ಬೆಟ್ಟ, ಹೊಳೆ, ಕಾಡುಗಳಿಗೆ ಇಟ್ಟಿರುವ ವಿವಾದಾಸ್ಪದ ವ್ಯಕ್ತಿಗಳ ಹೆಸರನ್ನು ಬದಲಿಸಬೇಕೆಂಬ ಚರ್ಚೆ ಸಾಮಾನ್ಯವಾಗಿ ಎರಡು ನೆಲೆಗಳಲ್ಲಿ ನಡೆಯುತ್ತದೆ. ಹೆಸರನ್ನು ತೆಗೆಯುವುದೇ ನ್ಯಾಯವೆಂಬುದು ಒಂದು ನೆಲೆ. ತೆಗೆದರೆ ಚರಿತ್ರೆಯೇ ಅಳಿಯುತ್ತದೆಂಬುದು ಇನ್ನೊಂದು. ಪರಸ್ಪರ ವಿರುದ್ಧವಾಗಿ ಕಂಡರೂ ಇವೆರಡರ ಗ್ರಹಿಕೆ ಒಂದೇ. ಹೆಸರೆಂದರೆ ಗೌರವದ ಫಲಕ ಎಂಬುದೇ ಆ ಗ್ರಹಿಕೆ. ಜನಪದರ ನಾಮಕರಣ ಪದ್ಧತಿಯಲ್ಲಿ ಹೆಸರು ಗೌರವಕ್ಕಿಂತ ಮೊದಲು ಗುರುತು. ಕೊಡಗಿನ ಕೆಲವು ನಿದರ್ಶನಗಳನ್ನು ಈ ದೃಷ್ಟಿಯಿಂದ ಪರಿಶೀಲಿಸಿದಾಗ ಚರ್ಚೆಯ ಸ್ವರೂಪವೇ ಬದಲಾಗುತ್ತದೆ.

ಕೊಡಗು ಮತ್ತು ಮೈಸೂರು ಜಿಲ್ಲೆಗಳಲ್ಲಿ ಹರಡಿರುವ ನಾಗರಹೊಳೆ 1955ರಲ್ಲಿ ವನ್ಯಧಾಮವಾಯಿತು, 1988ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 1992ರಲ್ಲಿ ಅದಕ್ಕೆ ರಾಜೀವ್ ಗಾಂಧಿಯವರ ಹೆಸರನ್ನು ಇಡಲಾಯಿತು. 2021ರ ಆಗಸ್ಟ್‌ನಲ್ಲಿ ಖೇಲ್‌ರತ್ನ ಪ್ರಶಸ್ತಿಗೆ ಇದ್ದ ಅದೇ ಹೆಸರನ್ನು ಕೇಂದ್ರ ಸರ್ಕಾರ ಕೈಬಿಟ್ಟಿತು. ಅದರ ಬೆನ್ನಲ್ಲೇ ಉದ್ಯಾನದ ಹೆಸರನ್ನೂ ಬದಲಿಸಿ ಕೊಡಗಿನವರೇ ಆದ ಫೀಲ್ಡ್ ಮಾರ್ಷಲ್ ಕೆ. ಎಂ. ಕಾರ್ಯಪ್ಪನವರ ಹೆಸರಿಡಬೇಕೆಂಬ ಬೇಡಿಕೆ ಕೇಳಿಬಂತು. ಭಾರತೀಯ ಸೇನೆಯ ಪ್ರಥಮ ಭಾರತೀಯ ದಂಡನಾಯಕರ ಬಗೆಗೆ ನಾಡಿಗಿರುವ ಅಭಿಮಾನ ಸಹಜವಾದುದೇ. ಆದರೆ ಈ ವಾದವೂ ಇದರ ಪ್ರತಿವಾದವೂ ಒಬ್ಬ ನಾಯಕನೋ ಇನ್ನೊಬ್ಬ ನಾಯಕನೋ ಎಂಬಲ್ಲಿಗೇ ನಿಂತವು. ಹಾವಿನಂತೆ ಬಳುಕಿ ಹರಿಯುವ ಹೊಳೆ ಎಂಬ ಅರ್ಥದ ಮೂಲನಾಮ ವಾದದ ಅಂಚಿಗೆ ಸರಿಯಿತು. ಹುಲಿ ಸಂರಕ್ಷಿತ ಪ್ರದೇಶವಾಗಿ ಇದೇ ಕಾಡು ಸರ್ಕಾರಿ ಕಡತಗಳಲ್ಲಿಯೂ ನಾಗರಹೊಳೆಯೇ ಆಗಿದೆ ಎಂಬುದು ಇಲ್ಲಿ ಗಮನಾರ್ಹ.

ಮಡಿಕೇರಿಯ ಸಮೀಪದ ಅಬ್ಬಿ ಇದಕ್ಕೆ ಪೂರಕ ನಿದರ್ಶನ. ಬ್ರಿಟಿಷರು ಇದನ್ನು ಜೆಸ್ಸಿ ಜಲಪಾತವೆಂದು ಕರೆದರು. ಜೆಸ್ಸಿ ಅಂದಿನ ಅಧಿಕಾರಿಯೊಬ್ಬನ ಮನೆಯ ಹೆಣ್ಣುಮಗಳೆಂದು ಪ್ರತೀತಿ. ಇಂದು ಆ ಹೆಸರು ಪ್ರವಾಸಿ ಕೈಪಿಡಿಗಳಲ್ಲಿ ಉಳಿದಿರುವ ಒಂದು ಸ್ವಾರಸ್ಯ ಮಾತ್ರ. ‘ಅಬ್ಬಿ’ ಎಂಬುದು ಮಲೆನಾಡಿನ ಕನ್ನಡದಲ್ಲಿ ಜಲಪಾತಕ್ಕೆ ಸಲ್ಲುವ ಸಾಮಾನ್ಯ ನಾಮ. ಆಗುಂಬೆಯ ಒನಕೆ ಅಬ್ಬಿಯಲ್ಲಿಯೂ ಇದೇ ಪದವಿದೆ. ಹಾಗಾಗಿ ‘ಅಬ್ಬಿ ಜಲಪಾತ’ ಎಂಬುದು ದ್ವಿರುಕ್ತಿ. ಜನಪದರು ಹೆಸರಿಗೆ ವ್ಯಕ್ತಿಗಳನ್ನು ಆಶ್ರಯಿಸುವುದೇ ಇಲ್ಲವೆಂದಲ್ಲ. ಇರ್ಪುವಿನ ಲಕ್ಷ್ಮಣತೀರ್ಥ ರಾಮಾಯಣದ ಪಾತ್ರದ ಹೆಸರನ್ನೇ ಹೊತ್ತಿದೆ. ಆದರೆ ಲಕ್ಷ್ಮಣನ ಬಾಣದಿಂದ ನೀರು ಚಿಮ್ಮಿತೆಂಬ ಐತಿಹ್ಯ ಹೊಳೆಯ ಹುಟ್ಟನ್ನು ವಿವರಿಸುತ್ತದೆ. ಅಲ್ಲಿ ವ್ಯಕ್ತಿಯ ಹೆಸರು ನೀರಿನ ಕಥೆಯ ಭಾಗ. ಜೆಸ್ಸಿಗೂ ನೀರಿಗೂ ಅಂತಹ ಕಥನಸಂಬಂಧವಿರಲಿಲ್ಲ.

ಪ್ರಭುತ್ವ ಹೇರಿದ ಊರ ಹೆಸರುಗಳ ಚರಿತ್ರೆಯೂ ಇದನ್ನೇ ಸೂಚಿಸುತ್ತದೆ. ಟಿಪ್ಪು ಸುಲ್ತಾನ ಮಡಿಕೇರಿಗೆ ಇಟ್ಟ ಜಾಫರಾಬಾದ್ ಎಂಬ ಹೆಸರು ಅವನ ಆಳ್ವಿಕೆಯೊಡನೆಯೇ ಮರೆಯಾಯಿತು. 1834ರಲ್ಲಿ ಕೊಡಗು ಕಂಪನಿ ಸರ್ಕಾರದ ವಶವಾದಾಗ ಅಧಿಕಾರ ವಹಿಸಿಕೊಂಡ ಫ್ರೇಸರನ ಹೆಸರಿನ ಫ್ರೇಸರ್‌ಪೇಟೆ ಮತ್ತೆ ಕುಶಾಲನಗರವಾಯಿತು. ಇಲ್ಲಿಯೇ ಒಂದು ತೊಡಕಿದೆ. ಟಿಪ್ಪು ಹುಟ್ಟಿದ ಸುದ್ದಿ ಹೈದರಾಲಿಗೆ ಅಲ್ಲಿನ ಬಿಡಾರದಲ್ಲಿ ತಲುಪಿದ್ದರಿಂದ ಕುಶಾಲನಗರ ಎಂಬ ಹೆಸರು ಬಂತೆಂಬ ಐತಿಹ್ಯ ಪ್ರಚಲಿತವಾಗಿದೆ. ಟಿಪ್ಪು ಹುಟ್ಟಿದ್ದು ಸುಮಾರು 1750ರಲ್ಲಿ, ದೇವನಹಳ್ಳಿಯಲ್ಲಿ. ಹೈದರನ ಕೊಡಗಿನ ದಂಡಯಾತ್ರೆಗಳು ಅದಕ್ಕಿಂತ ಬಹಳ ಈಚಿನವು. ಆದ್ದರಿಂದ ಈ ಐತಿಹ್ಯ ಚರಿತ್ರೆಯ ಒರೆಗೆ ನಿಲ್ಲುವುದಿಲ್ಲ. ಆದರೂ ಟಿಪ್ಪುವಿನ ಬಗೆಗೆ ಕಹಿ ನೆನಪುಗಳಿರುವ ನಾಡಿನಲ್ಲೇ ಅದು ಬದುಕಿದೆ. ಹೆಸರಿನ ಅಕ್ಷರಗಳಲ್ಲಿ ಇಲ್ಲದ ವ್ಯಕ್ತಿ ಅದರ ಕಥೆಯಲ್ಲಿ ಇರಬಲ್ಲ. ಇದಕ್ಕೆ ವಿರುದ್ಧವಾಗಿ, ಹಾಲೇರಿ ವಂಶದ ಮುದ್ದುರಾಜನ ಹೆಸರಿನ ಮುದ್ದುರಾಜಕೇರಿ ನಾಲಿಗೆಯಲ್ಲಿ ಸವೆದು ಮಡಿಕೇರಿಯಾದಾಗ ಅಕ್ಷರಗಳ ಜಾಡು ಉಳಿದು ವ್ಯಕ್ತಿ ಮರೆಗೆ ಸಂದ.

ಇನ್ನು ರಾಜಾಸೀಟು. ಹಾಲೇರಿ ಅರಸರು ಸೂರ್ಯಾಸ್ತವನ್ನು ನೋಡುತ್ತ ಕುಳಿತಿರುತ್ತಿದ್ದರೆಂಬ ಪ್ರತೀತಿಯ ಈ ದಿಬ್ಬಕ್ಕೆ ಜನಬಳಕೆಯಲ್ಲಿ ನಿಂತಿರುವ ಹೆಸರಿನ ಅರ್ಧಭಾಗ ಇಂಗ್ಲಿಷಿನದು. ಈ ವಂಶದ ಕೊನೆಯ ದೊರೆ ಚಿಕವೀರರಾಜನನ್ನು ಆಂಗ್ಲರ ದಾಖಲೆಗಳು ಕ್ರೂರಿಯೆಂದು ಚಿತ್ರಿಸಿದವು. ರಾಜ್ಯವನ್ನು ಕಿತ್ತುಕೊಂಡವರಿಗೆ ಆ ಚಿತ್ರಣದ ಅಗತ್ಯವಿತ್ತೆಂಬುದನ್ನೂ ಮರೆಯಲಾಗದು. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಕಾದಂಬರಿ (1956) ಅವನ ಪತನದ ಕಥೆಯನ್ನು ಓದುಗರ ಮನಸ್ಸಿನಲ್ಲಿ ಸ್ಥಿರಗೊಳಿಸಿತು. ಆದರೆ 1837ರ ಅಮರ ಸುಳ್ಯದ ದಂಗೆ ನಡೆದದ್ದು ಇದೇ ವಂಶದ ಹೆಸರಿನಲ್ಲಿ; ಅದಕ್ಕಾಗಿಯೇ ಗುಡ್ಡೆಮನೆ ಅಪ್ಪಯ್ಯ ಗೌಡರು ಮಡಿಕೇರಿಯ ಕೋಟೆಯಲ್ಲಿ ಗಲ್ಲಿಗೇರಿದರು. ಒಂದೇ ಅರಸುಮನೆ ಒಂದು ದಾಖಲೆಯಲ್ಲಿ ದಬ್ಬಾಳಿಕೆಯ ಗುರುತು, ಇನ್ನೊಂದು ನೆನಪಿನಲ್ಲಿ ನಿಷ್ಠೆಯ ನೆಲೆ. ‘ವಿವಾದಾಸ್ಪದ’ ಎಂಬ ವಿಶೇಷಣ ಯಾರ ನೆನಪಿನಿಂದ ಬರುತ್ತದೆಂಬುದನ್ನು ಕೇಳದೆ ಹೆಸರನ್ನು ಅಳಿಸುವ ನಿರ್ಧಾರ ಅಪೂರ್ಣ.

ಹೊರಗಿನ ಎರಡು ನಿದರ್ಶನಗಳು ಇಲ್ಲಿ ಉಪಯುಕ್ತ. ಅಮೆರಿಕದ ಅತ್ಯುನ್ನತ ಶಿಖರ ಮೆಕಿನ್ಲಿ 2015ರಲ್ಲಿ ಅಲಾಸ್ಕದ ಮೂಲನಿವಾಸಿಗಳ ಮಾತಿನ ಡೆನಾಲಿಯಾಯಿತು. 2025ರಲ್ಲಿ ಒಂದು ಆದೇಶದಿಂದ ಮತ್ತೆ ಮೆಕಿನ್ಲಿಯಾಯಿತು. ಆದೇಶ ಕೊಟ್ಟದ್ದನ್ನು ಆದೇಶವೇ ಕಿತ್ತುಕೊಳ್ಳಬಲ್ಲದು. ಆಸ್ಟ್ರೇಲಿಯದ ಉಲುರು ಬಂಡೆಯ ಕಥೆ ಬೇರೆ. ಅಲ್ಲಿ 1985ರಲ್ಲಿ ಮೊದಲು ಅನಂಗು ಜನರಿಗೆ ನೆಲದ ಒಡೆತನ ಮರಳಿತು. ಅವರ ಹೆಸರಿಗೆ ಅಧಿಕೃತ ಮನ್ನಣೆ ಬಂದದ್ದು ಅನಂತರ, 1993ರಲ್ಲಿ. ಹೆಸರು ನೆಲದ ಹಕ್ಕನ್ನು ಹಿಂಬಾಲಿಸಿತು.

ನಾಗರಹೊಳೆಯ ಪ್ರಶ್ನೆಗೂ ಇದೇ ಕೀಲಿ. ಆ ಕಾಡಿನ ಕೊಲ್ಲಿ, ಗುಡ್ಡ, ಹಡ್ಲುಗಳನ್ನು ಹೆಸರಿಟ್ಟು ಕರೆದು ಬದುಕಿದವರಲ್ಲಿ ಜೇನುಕುರುಬರು, ಬೆಟ್ಟಕುರುಬರು, ಯರವರು ಮುಖ್ಯರು. 2006ರ ಅರಣ್ಯ ಹಕ್ಕುಗಳ ಕಾಯ್ದೆಯ ಆಧಾರದ ಮೇಲೆ 2025ರ ಮೇ ತಿಂಗಳಲ್ಲಿ ಜೇನುಕುರುಬ ಕುಟುಂಬಗಳು ತಮ್ಮ ಹಿಂದಿನ ಹಾಡಿಯ ನೆಲಕ್ಕೆ ಮರಳಿ ಹಕ್ಕು ಕೇಳಿದವು. ಉದ್ಯಾನಕ್ಕೆ ಯಾವ ನಾಯಕನ ಹೆಸರಿರಬೇಕೆಂಬ ವಾದದಲ್ಲಿ ಈ ಜನರ ದನಿಗೆ ಎಡೆಯೇ ಇರಲಿಲ್ಲ. ಒಕ್ಕಲೆದ್ದ ಹಾಡಿಯೊಡನೆ ಅದರ ಸುತ್ತಲಿನ ಹೆಸರುಗಳೂ ಬಳಕೆ ತಪ್ಪುತ್ತವೆ. ಯಾವ ವಿವಾದವೂ ಇಲ್ಲದೆ, ಯಾರ ಆದೇಶವೂ ಇಲ್ಲದೆ ನಡೆಯುವ ಮರುನಾಮಕರಣ ಇದು.

ಆದುದರಿಂದ ನಾಗರಹೊಳೆ ಎಂಬ ಹೆಸರನ್ನೇ ಪೂರ್ಣವಾಗಿ ಮರಳಿಸುವುದು ಉಚಿತ. ಅದು ಯಾವ ನಾಯಕನಿಗೂ ಅಗೌರವವಲ್ಲ. ಆದರೆ ಫಲಕ ಬದಲಾದ ಮಾತ್ರಕ್ಕೆ ಕೆಲಸ ಮುಗಿಯದು. ಹಾಡಿಗಳ ಹಿರಿಯರ ಬಾಯಲ್ಲಿರುವ ಸ್ಥಳನಾಮಗಳನ್ನು ಅವರ ಉಚ್ಚಾರಣೆಯಲ್ಲಿಯೇ, ಐತಿಹ್ಯಗಳ ಸಮೇತ, ಅವರ ಒಪ್ಪಿಗೆಯಿಂದ ದಾಖಲಿಸುವುದು ತುರ್ತಿನ ಕಾರ್ಯ. ದೊರೆಗಳ ಹೆಸರುಗಳಿಗೆ ಶಾಸನ, ಗ್ಯಾಸೆಟಿಯರುಗಳ ಆಸರೆಯಿದೆ; ಕೊಲ್ಲಿಯ ಹೆಸರಿಗೆ ಅದನ್ನು ಕರೆಯುವ ನಾಲಿಗೆಯ ಹೊರತು ಬೇರೆ ಆಸರೆಯಿಲ್ಲ.